ಲೋಹವನ್ನು ಆವಿಯಾಗಿಸುವ ಪಾಠ

ಬೀದರಿನ ನಮ್ಮ ಕಾಲೇಜಿನಲ್ಲಿ ಸಂಕ್ರಮಣ ಲೋಹಗಳ ಪಾಠ ಮಾಡುತ್ತಿದ್ದ ಗುರುಗಳು, ಲೋಹದ ಸುತ್ತ ಬೇರೆ ಅಣು, ಅಯಾನುಗಳು ಅಂಟಿಕೊಂಡ ಸಂಕೀರ್ಣ ಸಂಯುಕ್ತಗಳು ಹೇಗೆ ಕಟ್ಟಿಕೊಳ್ಳುತ್ತವೆ ಎನ್ನುವುದಕ್ಕಿಂತ ಹೇಗೆ ಬಿಚ್ಚಿಕೊಳ್ಳುತ್ತವೆ ಎಂಬುದನ್ನೇ ಹೆಚ್ಚು ಕೇಳುತ್ತಿದ್ದರು. ಪರೀಕ್ಷೆಗೆ ಬಣ್ಣ, ಆಕಾರ, ಕಾಂತಗುಣ ಸಾಕಿತ್ತು, ಅವರಿಗೆ ಸಾಲುತ್ತಿರಲಿಲ್ಲ. ಮೈಲುತುತ್ತದ ದ್ರಾವಣಕ್ಕೆ ಅಮೋನಿಯಾ ಸೇರಿಸಿ ನಾವು ತೆಗೆದ ಗಾಢ ನೀಲಿ ಹರಳುಗಳನ್ನು ಪ್ರಣಾಳದಲ್ಲಿ ಕಾಯಿಸುತ್ತಿದ್ದರು. ಘಾಟು ಮೂಗಿಗೆ ಬಡಿದ ಕೂಡಲೇ, "ಲೋಹವನ್ನು ಮೊದಲು ಬಿಟ್ಟು ಹೋದವರು ಯಾರು?" ಎಂದು ಕೇಳುತ್ತಿದ್ದರು.

ನಿಕ್ಕಲ್ ಕಾರ್ಬೊನಿಲ್‌ನ ಪಾಠವಂತೂ ನನ್ನ ದಾರಿಯನ್ನೇ ನಿರ್ಧರಿಸಿತು. ಸುಮಾರು 50 ಡಿಗ್ರಿ ಸೆಲ್ಸಿಯಸ್‌ನಲ್ಲಿ ನಿಕ್ಕಲ್ ಕಾರ್ಬನ್ ಮಾನಾಕ್ಸೈಡ್‌ನೊಂದಿಗೆ ಸೇರಿ ಆವಿಯಾಗುತ್ತದೆ. 200 ಡಿಗ್ರಿ ದಾಟಿದ ಜಾಗದಲ್ಲಿ ಆ ಆವಿ ಒಡೆದು ಶುದ್ಧ ನಿಕ್ಕಲ್ ಕೂರುತ್ತದೆ. ಲುಡ್ವಿಗ್ ಮಾಂಡ್ ಮತ್ತು ಸಂಗಡಿಗರು 1890ರಲ್ಲಿ ಪ್ರಕಟಿಸಿದ ಈ ಕ್ರಿಯೆ, ಅತ್ಯಂತ ವಿಷಕಾರಿಯಾದರೂ, ಎಷ್ಟು ಸುಂದರ!

ಇಂದು ತೆಳುಪದರಗಳ ಪ್ರಯೋಗಾಲಯದಲ್ಲಿ ನಾನು ಮಾಡುವ ಕೆಲಸದ ತಿರುಳೂ ಅದೇ: ಲೋಹವನ್ನು ಆವಿಯಾಗಿ ತಂದು ಮೇಲ್ಮೈಯ ಮೇಲೆ ಕೂರಿಸುವುದು. ಟಂಗ್‌ಸ್ಟನ್ ಕರಗಲು 3,400 ಡಿಗ್ರಿಗೂ ಹೆಚ್ಚು ಶಾಖ ಬೇಕು. ಅದರ ಹೆಕ್ಸಾಫ್ಲೋರೈಡ್ ಮಾತ್ರ 17 ಡಿಗ್ರಿಗೇ ಅನಿಲವಾಗುತ್ತದೆ. ಬಿಸಿ ಸಿಲಿಕಾನ್ ಬಿಲ್ಲೆಯ ಮೇಲೆ ಜಲಜನಕದೊಂದಿಗೆ ವರ್ತಿಸಿ ಅದು ಟಂಗ್‌ಸ್ಟನ್ನನ್ನು ಚಿಪ್‌ನ ಸೂಕ್ಷ್ಮ ಕುಳಿಗಳೊಳಗೆ ತುಂಬುತ್ತದೆ. ತಾಮ್ರದ ದಾರಿ ಇನ್ನೂ ಸ್ವಾರಸ್ಯಕರ. +1 ಸ್ಥಿತಿಯ (ಒಂದು ಎಲೆಕ್ಟ್ರಾನ್ ಕಳೆದುಕೊಂಡ) ತಾಮ್ರವಿರುವ ಸಂಯುಕ್ತದ ಎರಡು ಅಣುಗಳು ಬಿಸಿ ಮೇಲ್ಮೈಯಲ್ಲಿ ವರ್ತಿಸಿದರೆ ಒಂದು ತಾಮ್ರ ಲೋಹವಾಗಿ ಉಳಿಯುತ್ತದೆ, ಇನ್ನೊಂದು +2 ಸ್ಥಿತಿಗೇರಿ ಲಿಗ್ಯಾಂಡ್‌ಗಳನ್ನು, ಅಂದರೆ ಲೋಹಕ್ಕೆ ಅಂಟಿಕೊಂಡ ಅಣು, ಅಯಾನುಗಳನ್ನು, ಹೊತ್ತು ಆವಿಯಾಗಿ ಹೊರಡುತ್ತದೆ. ಅರ್ಧ ತಾಮ್ರ ಹೀಗೆ ಕೈಬಿಟ್ಟು ಹೋಗುತ್ತದೆ, ನಿಜ. ಚಿಪ್ ಕಾರ್ಖಾನೆಗಳಲ್ಲಿ ತಾಮ್ರದ ತಂತಿಗಳಿಗೆ ವಿದ್ಯುಲ್ಲೇಪನವೇ ಗೆದ್ದಿತು. ಆದರೂ ಲಿಗ್ಯಾಂಡ್ ಒಡೆದು ಇಂಗಾಲದ ಕೊಳೆಯಾಗದೆ ಇಡಿಯಾಗಿ ಹೊರಹೋಗುವ ಈ ಕ್ರಿಯೆಯನ್ನು ನಾನು ಮೆಚ್ಚುತ್ತೇನೆ.

ಬೇಕಾದ ಕಡೆ ಮಾತ್ರ ಲೋಹ ಕೂರಿಸುವುದು ನಮ್ಮ ಕ್ಷೇತ್ರದ ದೊಡ್ಡ ಸವಾಲು. ಮೇಲ್ಮೈಯೇ ಆಯ್ಕೆ ಮಾಡುವುದನ್ನು ನಾನು ಮೊದಲು ಕಂಡದ್ದು ನಮ್ಮೂರಿನ ಬಿದ್ರಿ ಕುಶಲಕರ್ಮಿಗಳ ಬಳಿ, ಗುರುಗಳು ಕರೆದುಕೊಂಡು ಹೋದಾಗ. ಕೋಟೆಯ ಮಣ್ಣು ಮತ್ತು ನವಸಾಗರದ ಲೇಪಕ್ಕೆ ಸತು-ತಾಮ್ರದ ಮಿಶ್ರಲೋಹ ಕಪ್ಪಾಗುತ್ತದೆ, ಅದರಲ್ಲಿ ಕೂರಿಸಿದ ಬೆಳ್ಳಿ ಹಾಗೆಯೇ ಹೊಳೆಯುತ್ತದೆ. ನಮ್ಮ ಕಾಲೇಜು ಇಂದಿನ ವಿದ್ಯಾರ್ಥಿಗಳನ್ನೂ ಅಲ್ಲಿಗೆ ಕರೆದೊಯ್ಯಲಿ; ಮರಳಿದ ಮೇಲೆ ಸಂಕ್ರಮಣ ಲೋಹಗಳ (ಡಿ-ಬ್ಲಾಕ್) ಅಧ್ಯಾಯದ ಜೊತೆಗೆ ಟಂಗ್‌ಸ್ಟನ್ ಹೆಕ್ಸಾಫ್ಲೋರೈಡಿನ ಕ್ರಿಯೆಯನ್ನೂ ಕಪ್ಪುಹಲಗೆಯ ಮೇಲೆ ಬರೆದು ತೋರಿಸಲಿ.