ನಕುರು ಸರೋವರಕ್ಕೆ ಹೊರಡುವ ಮುನ್ನ

ಕೆನ್ಯಾದ ನಕುರು ಎಂದೊಡನೆ ದಡದುದ್ದಕ್ಕೂ ಗುಲಾಬಿ ಬಣ್ಣ ಹರಡಿದಂತೆ ನಿಂತ ರಾಜಹಂಸಗಳ ಚಿತ್ರ ಕಣ್ಣಮುಂದೆ ಬರುತ್ತದೆ. ಆ ಚಿತ್ರವನ್ನೇ ನೆಚ್ಚಿಕೊಂಡು ಹೊರಡುವವರು ಒಂದು ಸಂಗತಿಯನ್ನು ಮೊದಲೇ ತಿಳಿದಿರಬೇಕು. ಅಲ್ಲಿನ ಕಿರು ರಾಜಹಂಸಗಳು ಕ್ಷಾರದ ನೀರಿನಲ್ಲಿ ಬೆಳೆಯುವ ಸೂಕ್ಷ್ಮ ಪಾಚಿಯನ್ನು ಸೋಸಿ ತಿಂದು ಬದುಕುತ್ತವೆ. 2010ರ ಬಳಿಕ ಸರೋವರದ ಮಟ್ಟ ಬಹಳ ಏರಿ, ನೀರಿನ ಕ್ಷಾರ ತೆಳುವಾಗಿ, ಪಾಚಿ ಕಡಿಮೆಯಾದಾಗ ಹೆಚ್ಚಿನ ಹಿಂಡುಗಳು ಉತ್ತರದ ಬೊಗೋರಿಯಾ ಸರೋವರದಂಥ ಕಡೆಗೆ ವಲಸೆ ಹೋದವು. ನಮಗೆ ನಕುರುವಿನಲ್ಲಿ ಕಂಡದ್ದು ದೂರದ ಒಂದು ತೆಳು ಗುಲಾಬಿ ಗೆರೆ ಮಾತ್ರ. ರಾಜಹಂಸಗಳೇ ನಿಮಗೆ ಮುಖ್ಯವಾದರೆ ಬೊಗೋರಿಯಾಕ್ಕೆಂದು ಒಂದು ದಿನವನ್ನು ಬೇರೆಯಾಗಿಯೇ ತೆಗೆದಿಡಿ.

ಹಾಗೆಂದು ನಕುರುವನ್ನು ಕೈಬಿಡಬೇಡಿ. ಸುಮಾರು 188 ಚದರ ಕಿಲೋಮೀಟರಿನ, ಸರೋವರವನ್ನೂ ಒಳಗೊಂಡ, ಸುತ್ತಲೂ ಬೇಲಿಯಿರುವ ಈ ರಾಷ್ಟ್ರೀಯ ಉದ್ಯಾನದಲ್ಲಿ ಕಪ್ಪು ಮತ್ತು ಬಿಳಿ ಘೇಂಡಾಮೃಗಗಳೆರಡನ್ನೂ ನೋಡುವ ಅವಕಾಶವಿದೆ. ಎರಡರ ಬಣ್ಣದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸವಿಲ್ಲ, ತುಟಿಯನ್ನು ಗಮನಿಸಬೇಕು: ಹುಲ್ಲು ಮೇಯುವ ಬಿಳಿಯದರ ತುಟಿ ಅಗಲ, ಪೊದೆಯ ಚಿಗುರು ಕೀಳುವ ಕಪ್ಪಿನದು ಚೂಪು. ಬೆಳಗಿನ ಏಳರ ಹೊತ್ತಿಗೆ ಬಿಳಿ ಘೇಂಡಾಮೃಗವೊಂದು ಮರಿಯನ್ನು ಮುಂದೆ ಬಿಟ್ಟುಕೊಂಡು ನಮ್ಮ ವಾಹನದ ಪಕ್ಕದಲ್ಲೇ ಮೇಯುತ್ತಾ ಸಾಗಿತು. ಎಂಜಿನ್ ಆರಿಸಿದ್ದರಿಂದ ಹುಲ್ಲು ಕಿತ್ತುಬರುವ ಸದ್ದು ಸಹ ಸ್ಪಷ್ಟವಾಗಿ ಕೇಳುತ್ತಿತ್ತು. ಮೊಣಕಾಲಿನ ಕೆಳಗೆ ಮಚ್ಚೆಯೇ ಇಲ್ಲದ ರಾತ್‌ಸ್ಚೈಲ್ಡ್ ಜಿರಾಫೆಗಳೂ ಇಲ್ಲಿವೆ. ಆನೆಗಳು ಮಾತ್ರ ಇಲ್ಲ.

ಹಕ್ಕಿ ನೋಡುವವರು ಏರಿದ ನೀರಿನಲ್ಲಿ ಮುಳುಗಿ ಒಣಗಿದ ಜಾಲಿ ಜಾತಿಯ ಮರಗಳ ಬಳಿ ಸಾಕಷ್ಟು ಹೊತ್ತು ಕಳೆಯಬೇಕು. ಬೋಳು ಕೊಂಬೆಗಳ ಮೇಲೆ ನೀರುಕಾಗೆಗಳು ರೆಕ್ಕೆ ಬಿಡಿಸಿ ಕುಳಿತಿರುತ್ತವೆ, ತುದಿಯಲ್ಲಿ ಬಿಳಿ ತಲೆಯ ಆಫ್ರಿಕಾದ ಮೀನುಹದ್ದು ಕೂಗುತ್ತಿರುತ್ತದೆ. ಬಿಳಿ ಹೆಜ್ಜಾರ್ಲೆಗಳು ಅರ್ಧಚಂದ್ರಾಕಾರವಾಗಿ ಸಾಲುಗಟ್ಟಿ, ಮೀನನ್ನು ನಡುವಿಗೆ ಅಟ್ಟಿ, ಎಲ್ಲವೂ ಒಮ್ಮೆಲೇ ಕೊಕ್ಕು ಮುಳುಗಿಸುವುದನ್ನು ನಾವು ಮುಕ್ಕಾಲು ಗಂಟೆ ನೋಡಿದೆವು. ಇದಕ್ಕಾಗಿ ಒಳ್ಳೆಯ ದುರ್ಬೀನು ಅತ್ಯಗತ್ಯ.

ನೈರೋಬಿಯಿಂದ ದಾರಿ ಸುಮಾರು 160 ಕಿಲೋಮೀಟರ್. ಹೆದ್ದಾರಿಯಲ್ಲಿ ಲಾರಿಗಳ ದಟ್ಟಣೆ ಹೆಚ್ಚು. ಅದೇ ದಿನ ಹೋಗಿ ಮರಳುವ ಯೋಜನೆ ಬೇಡ, ಎರಡು ರಾತ್ರಿ ತಂಗಿದರೆ ಎರಡು ಮುಂಜಾವು ಕೈಗೆ ಸಿಗುತ್ತವೆ. ಬಬೂನ್ ಕ್ಲಿಫ್ ಎಂಬ ಬಂಡೆಯ ಮೇಲಿಂದ ಸರೋವರ ಪೂರ್ತಿಯಾಗಿ ಕಾಣುತ್ತದೆ, ಆದರೆ ಅಲ್ಲಿ ಊಟದ ಡಬ್ಬಿ ತೆರೆಯಬೇಡಿ, ಬಬೂನ್ ಎಂಬ ದೊಡ್ಡ ಕೋತಿಗಳು ಕಸಿದುಕೊಳ್ಳುತ್ತವೆ. ಪ್ರವೇಶ ಶುಲ್ಕಕ್ಕೆ ನಗದು ನೆಚ್ಚಿಕೊಳ್ಳದೆ ಕಾರ್ಡ್ ಜೊತೆಗಿರಲಿ. ಪ್ಲಾಸ್ಟಿಕ್ ಚೀಲ, ಒಮ್ಮೆ ಬಳಸಿ ಎಸೆಯುವ ನೀರಿನ ಬಾಟಲಿ ಒಯ್ಯುವಂತಿಲ್ಲ.

ಭಾರತದಿಂದ ಹೊರಡುವವರು ಹಳದಿ ಜ್ವರದ ಲಸಿಕೆಯನ್ನು ಮಾನ್ಯತೆ ಪಡೆದ ಕೇಂದ್ರದಲ್ಲಿ ಪ್ರಯಾಣಕ್ಕೆ ಕನಿಷ್ಠ 10 ದಿನ ಮೊದಲೇ ಹಾಕಿಸಿಕೊಳ್ಳಬೇಕು. ಆ ಪ್ರಮಾಣಪತ್ರವನ್ನು ಮರಳಿ ಬರುವಾಗ ನಮ್ಮ ವಿಮಾನ ನಿಲ್ದಾಣದಲ್ಲೇ ಕೇಳುತ್ತಾರೆ. ಸರೋವರ ಸಮುದ್ರಮಟ್ಟದಿಂದ ಸುಮಾರು 1,750 ಮೀಟರ್ ಎತ್ತರದಲ್ಲಿರುವುದರಿಂದ ಬೆಳಗಿನ ಸಫಾರಿಗೆ ದಪ್ಪನೆಯ ಸ್ವೆಟರ್ ಬೇಕೇ ಬೇಕು.