ಬೂದಿಯ ಮೇಲೆ ಗೆದ್ದ ಮೇಯರ್

1871ರ ಅಕ್ಟೋಬರ್‌ನಲ್ಲಿ ಷಿಕಾಗೊ ಸುಟ್ಟು ಸುಮಾರು ಲಕ್ಷ ಜನ ಬೀದಿಗೆ ಬಿದ್ದರು. ನವೆಂಬರ್ 7ಕ್ಕೆ ಮೇಯರ್ ಚುನಾವಣೆ. ‘ಷಿಕಾಗೊ ಟ್ರಿಬ್ಯೂನ್’ ಪತ್ರಿಕೆಯ ಜೋಸೆಫ್ ಮೆಡಿಲ್ ನಿಂತದ್ದು ‘ಯೂನಿಯನ್ ಫೈರ್‌ಪ್ರೂಫ್’ ಪಕ್ಷದಿಂದ. (ಫೈರ್‌ಪ್ರೂಫ್ ಎಂದರೆ ಬೆಂಕಿ ತಗುಲದ್ದು; ಹೆಸರು ನೋಡಿ!) ಅವರಿಗೆ 16,125 ಮತ, ಎದುರಾಳಿ ಚಾರ್ಲ್ಸ್ ಹೋಲ್ಡನ್‌ಗೆ 5,988.

ಮರದ ಕಟ್ಟಡ ನಿಷೇಧಿಸುತ್ತೇನೆ ಎಂದರು ಮೆಡಿಲ್. ಜನವರಿಯಲ್ಲಿ ಜರ್ಮನ್ ಕೂಲಿಕಾರರು ನಗರಸಭೆಗೇ ಮೆರವಣಿಗೆ ಬಂದರು: ಇಟ್ಟಿಗೆಗೆ ದುಡ್ಡೆಲ್ಲಿ? ನಿಷೇಧ ಸಡಿಲವಾಯಿತು. ನನಗೆ ಅವರ ಸಿಟ್ಟೇ ನ್ಯಾಯವೆನಿಸುತ್ತದೆ.

2018ರ ಆಗಸ್ಟ್‌ನಲ್ಲಿ ಕೊಡಗಿನ ಗುಡ್ಡಗಳು ಕುಸಿದಾಗ ನಾವೂ ಹೀಗೇ ತಲೆಯಾಡಿಸಿದ್ದೆವು, ಇಳಿಜಾರಿನಲ್ಲಿ ಇನ್ನು ಮನೆ ಬೇಡವೆಂದು. ಮಡಿಕೇರಿಯ ಹೊರಗೆ ಈಗ ಜೆಸಿಬಿ ಕೆಮ್ಮಣ್ಣು ಬಗೆಯುತ್ತಿದೆ; ಬೇರು ಕಿತ್ತ ಕಾಫಿ ಗಿಡಗಳು ರಸ್ತೆಬದಿ ಒಣಗುತ್ತಿವೆ. ಆದರೆ ಇಲ್ಲಿ ಕಟ್ಟುತ್ತಿರುವವರು ಬಡವರಲ್ಲ, ಹೋಂಸ್ಟೇಯವರು.

ಮೆಡಿಲ್ 1873ರಲ್ಲಿ ಅವಧಿ ಮುಗಿಯುವ ಮೊದಲೇ ಯುರೋಪಿಗೆ ಹೊರಟುಬಿಟ್ಟರು.