ಫೆನ್‌ವೇ ಪಾರ್ಕಿನ ಕಂಬಗಳು: ಸೆಮಿಸ್ಟರ್ ಶುರುವಾಗುವ ಮುಂಚೆ ಮನೆಮಂದಿಯೆಲ್ಲ ಬೇಸ್‌ಬಾಲ್ ನೋಡಲು ಹೊರಟವರಿಗೆ

ಮಗನನ್ನೋ ಮಗಳನ್ನೋ ಬಾಸ್ಟನ್ನಿನ ಕಾಲೇಜಿಗೆ ಬಿಡಲು ಹೋಗುವ ಅಪ್ಪ ಅಮ್ಮಂದಿರು ಫೆನ್‌ವೇ ಪಾರ್ಕಿನಲ್ಲಿ ಆ ಊರಿನ ಬೇಸ್‌ಬಾಲ್ ತಂಡವಾದ ರೆಡ್ ಸಾಕ್ಸ್‌ನ ಒಂದಾದರೂ ಆಟ ನೋಡಿ ಬರಬೇಕು. ಅದರಲ್ಲಿ ಎರಡು ಮಾತಿಲ್ಲ. ಆದರೆ ಟಿಕೆಟ್ ಕೊಳ್ಳುವ ಮೊದಲು ಒಂದು ವಿಷಯ ತಿಳಿದಿರಲಿ: ಇಲ್ಲಿ ಒಳ್ಳೆಯ ಬೆಲೆ ತೆತ್ತು ಕೂತ ಮೇಲೂ ಕಣ್ಣೆದುರು ಉಕ್ಕಿನ ಕಂಬ ನಿಂತಿರಬಹುದು.

ಈ ಮೈದಾನ ಶುರುವಾದದ್ದು 1912ರಲ್ಲಿ. ಗ್ರ್ಯಾಂಡ್‌ಸ್ಟ್ಯಾಂಡ್ ಅನ್ನುವ ಭಾಗದ ಸೂರು ನಿಂತಿರುವುದೇ ಆ ಕಂಬಗಳ ಮೇಲೆ. ಕಂಬದ ಹಿಂದೆ ಕೂತವರಿಗೆ ಒಮ್ಮೆ ಚೆಂಡು ಎಸೆಯುವ ಪಿಚರ್ ಕಾಣುವುದಿಲ್ಲ, ಇನ್ನೊಮ್ಮೆ ಬ್ಯಾಟರ್ ಕಾಣುವುದಿಲ್ಲ. ಟಿಕೆಟ್ ಪುಟದಲ್ಲಿ 'ಅಬ್‌ಸ್ಟ್ರಕ್ಟೆಡ್ ವ್ಯೂ', ಅಂದರೆ ನೋಟಕ್ಕೆ ಅಡ್ಡಿ ಇದೆ, ಅಂತ ಸಣ್ಣಕ್ಷರದಲ್ಲಿ ಇರುತ್ತದೆ. ಮರುಮಾರಾಟದ ಆ್ಯಪ್‌ಗಳಲ್ಲಿ ಆ ಸಾಲು ಹುಡುಕಿ ಓದಿ, ಸೀಟಿನ ಸಂಖ್ಯೆ ಹಾಕಿ ಅಲ್ಲಿಂದ ತೆಗೆದ ಫೋಟೊ ನೋಡಿ, ಆಮೇಲೆ ದುಡ್ಡು ಕಟ್ಟಿ. ತೀರಾ ಹಿಂದಿನ ಸಾಲುಗಳಲ್ಲಿ ಇನ್ನೊಂದು ತೊಂದರೆ ಇದೆ. ಸೂರು ತಗ್ಗಾಗಿರುವುದರಿಂದ ಎತ್ತರಕ್ಕೆ ಹೋದ ಚೆಂಡು ಮಧ್ಯದಲ್ಲೇ ಮಾಯವಾಗುತ್ತದೆ. ಬಲ ಮೂಲೆಯ ಗ್ರ್ಯಾಂಡ್‌ಸ್ಟ್ಯಾಂಡ್ ಸೆಕ್ಷನ್‌ಗಳಲ್ಲಿ ಕುರ್ಚಿಗಳ ಮುಖ ಬ್ಯಾಟರ್ ಕಡೆಗಿಲ್ಲ, ಮೈದಾನದ ನಡುವಿಗಿದೆ. ಇಡೀ ಆಟ ಕತ್ತು ಎಡಕ್ಕೆ ತಿರುಗಿಸಿಯೇ ಕೂರಬೇಕು, ಅಜ್ಜ ಅಜ್ಜಿಯರಿಗಂತೂ ಈ ಜಾಗ ಬೇಡವೇ ಬೇಡ. ನೀಲಿ ಬಣ್ಣದ ಮರದ ಕುರ್ಚಿಗಳು 1934ರ ಕಾಲದವು, ಅಗಲ ಕಡಿಮೆ, ಮಂಡಿ ಮುಂದಿನ ಕುರ್ಚಿಗೆ ತಾಗುತ್ತದೆ.

ಕಂಬದ ಕಾಟ ಬೇಡವೆಂದು ಬ್ಯಾಟರ್‌ಗೆ ಎದುರು ತುದಿಯ ಬಯಲು ಸೀಟುಗಳಾದ ಬ್ಲೀಚರ್ಸ್‌ಗೆ ಹೋದರೆ ಅಲ್ಲಿ ಸೂರೂ ಇಲ್ಲ, ಸಂಜೆಯ ಬಿಸಿಲು ನೇರ ಕಣ್ಣಿಗೆ. ಅಲ್ಲೇ 42ನೇ ಸೆಕ್ಷನ್, 37ನೇ ಸಾಲಿನಲ್ಲಿ 21ನೇ ಕುರ್ಚಿಗೆ ಮಾತ್ರ ಕೆಂಪು ಬಣ್ಣ. 1946ರ ಜೂನ್ 9ರಂದು ರೆಡ್ ಸಾಕ್ಸ್ ಆಟಗಾರ ಟೆಡ್ ವಿಲಿಯಮ್ಸ್ ಹೊಡೆದ ಚೆಂಡು 502 ಅಡಿ ಹಾರಿ ಅಲ್ಲಿ ಕೂತಿದ್ದವರ ಹುಲ್ಲಿನ ಟೋಪಿಯ ಮೇಲೆ ಬಿತ್ತು. ಸೂರ್ಯ ಕಣ್ಣಿಗೆ ಹೊಡೆಯುತ್ತಿದ್ದರಿಂದ ಚೆಂಡು ಬಂದದ್ದೇ ಕಾಣಲಿಲ್ಲ ಎಂದರು ಅವರು. ಆ ಸೂರ್ಯ ಈಗಲೂ ಅಲ್ಲೇ ಮುಳುಗುತ್ತಾನೆ. ಮುಂದೆ ಅಂಚು ಚಾಚಿದ ಟೋಪಿ, ಕಪ್ಪು ಕನ್ನಡಕ ಎರಡೂ ಬೇಕು, ಕತ್ತಲಾದ ಮೇಲೆ ಹಿರಿಯರಿಗೆ ಒಂದು ಸ್ವೆಟರ್ ಕೂಡ. ನನ್ನ ಆಯ್ಕೆ ಕೇಳಿದರೆ, ಬ್ಯಾಟರ್ ಹಿಂದಿನಿಂದ ಎಡಕ್ಕೆ ಬರುವ ಗ್ರ್ಯಾಂಡ್‌ಸ್ಟ್ಯಾಂಡಿನ ನಡುಸಾಲು, ಕಂಬ ಅಡ್ಡ ಬರದ ಸೀಟು. ಎಡ ಮೂಲೆಯ ಹಸಿರು ಗೋಡೆ, ಗ್ರೀನ್ ಮಾನ್‌ಸ್ಟರ್, ಅಲ್ಲಿಂದ ಚೆನ್ನಾಗಿ ಕಾಣುತ್ತದೆ. 37 ಅಡಿ ಎತ್ತರದ ಆ ಗೋಡೆಗೆ ಚೆಂಡು ಬಡಿದರೆ ಬೌಂಡರಿ ಅಂದುಕೊಳ್ಳಬೇಡಿ, ಆಟ ನಡೆಯುತ್ತಲೇ ಇರುತ್ತದೆ, ಓಟವೂ ನಡೆಯುತ್ತಿರುತ್ತದೆ. ಗೋಡೆ ದಾಟಿದರೆ ಮಾತ್ರ ಹೋಮ್ ರನ್, ನಮ್ಮ ಸಿಕ್ಸರ್ ಇದ್ದ ಹಾಗೆ.

ಯಾವ ದಿನದ ಆಟ ಅನ್ನುವುದು ಸೀಟಿನಷ್ಟೇ ಮುಖ್ಯ. ಮಳೆಯಿಂದ ಆಟ ಮುಂದೂಡಿದರೆ ಸಾಮಾನ್ಯವಾಗಿ ದುಡ್ಡು ವಾಪಸ್ ಬರುವುದಿಲ್ಲ, ಅದೇ ಟಿಕೆಟ್ ಮುಂದಿನ ದಿನಾಂಕಕ್ಕೆ ನಡೆಯುತ್ತದೆ. ಅಷ್ಟರಲ್ಲಿ ನೀವು ಬೆಂಗಳೂರಿನ ವಿಮಾನದಲ್ಲಿರುತ್ತೀರಿ. ಹಾಗಾಗಿ ಊರಿಗೆ ಹೊರಡುವ ಹಿಂದಿನ ರಾತ್ರಿಗೆ ಇಟ್ಟುಕೊಳ್ಳದೆ, ತಲುಪಿದ ಎರಡನೇ ಮೂರನೇ ದಿನದ ಆಟವನ್ನೇ ಹಿಡಿಯಿರಿ. ಆಗಸ್ಟ್ 31, ಸೆಪ್ಟೆಂಬರ್ 1 ಈ ಎರಡು ದಿನ ಬೇಡ. ಬಾಸ್ಟನ್ನಿನ ಬಾಡಿಗೆ ಕರಾರುಗಳಲ್ಲಿ ಬಹುಪಾಲು ಸೆಪ್ಟೆಂಬರ್ 1ಕ್ಕೆ ಬದಲಾಗುವುದರಿಂದ ಆಲ್ಸ್ಟನ್ ಬಡಾವಣೆಯ ಸುತ್ತಿನ ಬೀದಿಗಳೆಲ್ಲ ಸಾಮಾನಿನ ಟ್ರಕ್ಕುಗಳಿಂದ ಕಟ್ಟಿಕೊಂಡಿರುತ್ತವೆ. ನೀವೇ ಬಾಡಿಗೆ ಟ್ರಕ್ ಓಡಿಸುವುದಾದರೆ ಸ್ಟಾರೋ ಡ್ರೈವ್ ರಸ್ತೆಗೆ ಇಳಿಯಲೇಬೇಡಿ. ಅಲ್ಲಿನ ಸೇತುವೆಗಳು ತಗ್ಗು, ಪ್ರತಿ ವರ್ಷ ಟ್ರಕ್ಕಿನ ತಲೆ ಸಿಕ್ಕಿಹಾಕಿಕೊಳ್ಳುತ್ತದೆ. ಹಳೆಯ ಎದುರಾಳಿ ನ್ಯೂಯಾರ್ಕ್ ಯಾಂಕೀಸ್ ಎದುರಿನ ಆಟಕ್ಕೆ ಬೆಲೆ ಏರುತ್ತದೆ. ವಾರದ ನಡುವೆ, ಹೆಸರಿಲ್ಲದ ತಂಡದ ಎದುರು ಆಡುವಾಗ ಅದೇ ಸೀಟು ಎಷ್ಟೋ ಅಗ್ಗ.

ಟಿಕೆಟ್ ಫೋನಿನಲ್ಲೇ, ಎಂಎಲ್‌ಬಿ ಬಾಲ್‌ಪಾರ್ಕ್ ಆ್ಯಪ್‌ನಲ್ಲಿ. ಬೀದಿಯಲ್ಲಿ ಯಾರಾದರೂ ಮುದ್ರಿತ ಕಾಗದವನ್ನೋ ಸ್ಕ್ರೀನ್‌ಶಾಟನ್ನೋ ಮಾರಲು ಬಂದರೆ ಮುಂದೆ ನಡೆಯಿರಿ, ಗೇಟಿನಲ್ಲಿ ಅದು ನಡೆಯುವುದಿಲ್ಲ. ಅಪ್ಪ ಅಮ್ಮನ ಫೋನಿಗೆ ಅಲ್ಲಿ ಡೇಟಾ ಇಲ್ಲದಿದ್ದರೆ ನಾಲ್ಕೂ ಟಿಕೆಟ್ ಮಗಳ ಫೋನಿನಲ್ಲೇ ಇರಲಿ, ಒಟ್ಟಿಗೆ ಗೇಟಿಗೆ ಹೋಗಿ ಒಂದೊಂದಾಗಿ ಸ್ಕ್ಯಾನ್ ಮಾಡಿಸಿ. ಬೆನ್ನಿಗೆ ಹಾಕುವ ಬ್ಯಾಗ್ ರೂಮಿನಲ್ಲೇ ಬಿಟ್ಟು ಬನ್ನಿ, ಒಳಗೆ ಬಿಡುವುದಿಲ್ಲ. ಒಳಗೆ ನೋಟು ನಡೆಯದು, ಕಾರ್ಡ್ ಬೇಕು.

ಊಟ ಮಾತ್ರ ಮೊದಲೇ ಮುಗಿಸಿ. ಒಳಗೆ ಸಸ್ಯಾಹಾರಿಗಳಿಗೆ ಪ್ರೆಟ್ಜೆಲ್, ಫ್ರೈಸ್, ಚೀಸ್ ಪಿಜ್ಜಾ ಬಿಟ್ಟರೆ ಹೆಚ್ಚೇನಿಲ್ಲ, ಬೆಲೆಯೂ ವಿಪರೀತ. ನಾನು ಎಲ್ಲರಿಗೂ ಹೇಳುವುದು ಕ್ಲೋವರ್ ಅನ್ನುವ ಹೋಟೆಲ್. 2008ರಲ್ಲಿ ಎಂಐಟಿ ಆವರಣದಲ್ಲಿ ಒಂದು ಟ್ರಕ್ಕಿನಿಂದ ಶುರುವಾದದ್ದು, ಮೆನುವಿನಲ್ಲಿ ಮಾಂಸವೇ ಇಲ್ಲ. ಕಾಬೂಲ್ ಕಡಲೆ ರುಬ್ಬಿ ಕರಿದ ವಡೆಯಂಥ ಉಂಡೆಗಳನ್ನು ಗೋಧಿ ಪೀಟಾದೊಳಗೆ ತುಂಬಿ, ಹಮ್ಮಸ್, ಸೌತೆ-ಟೊಮೆಟೊ, ಹುಳಿಗೆ ಹಾಕಿದ ಕ್ಯಾರೆಟ್, ಮೇಲೆ ಎಳ್ಳಿನ ಸಾಸ್ ಹಾಕಿ ಕೊಡುತ್ತಾರೆ. ಹೊರಗೆ ಗರಿಗರಿ, ಒಳಗೆ ಮೆತ್ತಗೆ, ಬಿಸಿಬಿಸಿ ಇರುವಾಗಲೇ ತಿನ್ನಬೇಕು. ಅಮೆರಿಕದ ಸಪ್ಪೆ ಬ್ರೆಡ್ ತಿಂದ ನಾಲಿಗೆಗೆ ಅದರ ಹುಳಿ-ಉಪ್ಪು ಎಷ್ಟು ಹಿತ ಅನ್ನುವುದು ತಿಂದವರಿಗೇ ಗೊತ್ತು. ಬದನೆಕಾಯಿಯ ಸ್ಯಾಂಡ್‌ವಿಚ್ ಒಂದಿದೆ, ಅದರಲ್ಲಿ ಮೊಟ್ಟೆ ಇರುತ್ತದೆ, ಕೇಳಿಕೊಳ್ಳಿ. ಇಲ್ಲಿ ತಿಂದು ಹೋದರೆ ಮೈದಾನದಲ್ಲಿ ಸಿಪ್ಪೆ ಸಮೇತ ಹುರಿದ ಕಡಲೆಕಾಯಿ ಸಾಕು. ಸಿಪ್ಪೆಯನ್ನು ಕಾಲ ಬಳಿಯೇ ಹಾಕುವುದು ಅಲ್ಲಿ ರೂಢಿ.

ರೈಲಿನ ವಿಷಯದಲ್ಲಿ ಹೆಸರು ದಾರಿ ತಪ್ಪಿಸುತ್ತದೆ. ಊರೊಳಗಿನ ರೈಲುಗಳಲ್ಲಿ ಒಂದಾದ ಗ್ರೀನ್ ಲೈನಿಗೆ ಬಿ, ಸಿ, ಡಿ, ಇ ಅನ್ನುವ ಶಾಖೆಗಳಿವೆ. ಡಿ ಶಾಖೆಯಲ್ಲಿ 'ಫೆನ್‌ವೇ' ಅನ್ನುವ ನಿಲ್ದಾಣವೇ ಇದೆ, ಆದರೆ ಮೈದಾನಕ್ಕೆ ಹತ್ತಿರ ಕೆನ್‌ಮೋರ್ ನಿಲ್ದಾಣ. ಅಲ್ಲಿಗೆ ಬಿ, ಸಿ, ಡಿ ಮೂರೂ ಹೋಗುತ್ತವೆ. ಇ ಹೋಗುವುದಿಲ್ಲ, ಕಾಪ್ಲಿ ನಿಲ್ದಾಣ ದಾಟಿದ ಮೇಲೆ ಬೇರೆ ಕಡೆ ತಿರುಗುತ್ತದೆ. ರೈಲಿನ ಮುಂಭಾಗದ ಅಕ್ಷರ ನೋಡಿಯೇ ಹತ್ತಿ.

2023ರಲ್ಲಿ ಪಿಚ್ ಕ್ಲಾಕ್, ಅಂದರೆ ಪಿಚರ್ ಇಷ್ಟು ಸೆಕೆಂಡಿನೊಳಗೆ ಚೆಂಡು ಎಸೆಯಬೇಕೆಂಬ ಗಡಿಯಾರ, ಬಂದ ಮೇಲೆ ಆಟ ಹೆಚ್ಚುಕಡಿಮೆ ಎರಡು ಮುಕ್ಕಾಲು ಗಂಟೆಯಲ್ಲಿ ಮುಗಿಯುತ್ತದೆ. ಮುಗಿದ ಕೂಡಲೇ ಮೂವತ್ತು ಸಾವಿರಕ್ಕೂ ಹೆಚ್ಚು ಜನ ಒಟ್ಟಿಗೆ ಕೆನ್‌ಮೋರ್ ಕಡೆ ನುಗ್ಗುತ್ತಾರೆ. ಹಿರಿಯರು ಜೊತೆಗಿದ್ದರೆ ಅರ್ಧ ಗಂಟೆ ಸೀಟಿನಲ್ಲೇ ಕೂತಿದ್ದು ಹೊರಡಿ. ನಡೆಯಬಲ್ಲವರು ಬಾಯ್ಲ್‌ಸ್ಟನ್ ಬೀದಿ ಹಿಡಿದು ಹೈನ್ಸ್ ನಿಲ್ದಾಣ ದಾಟಿ ಕಾಪ್ಲಿವರೆಗೆ ಬನ್ನಿ. ಅಲ್ಲಿಂದ ಪಾರ್ಕ್ ಸ್ಟ್ರೀಟ್ ನಿಲ್ದಾಣದ ಕಡೆಗೆ ಯಾವ ಅಕ್ಷರದ ರೈಲು ಬಂದರೂ ಹತ್ತಬಹುದು.